ಪಿಗ್ಮಿ ಪುಸ್ತಕದಿಂದ ಕುಲಾಧಿಪತಿ ಪೀಠಕ್ಕೆ: ಕರಾವಳಿಯ ಉದ್ಯಮಿಗಳು ಕಟ್ಟಿದ ವಿಶ್ವವಿದ್ಯಾಲಯಗಳು

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಬಹುದಾದ ದೂರದಲ್ಲಿ ಉದ್ಯಮಿಗಳ ಕುಟುಂಬಗಳು ಕಟ್ಟಿದ, ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಕೇಂದ್ರ ಸರ್ಕಾರ ಮಾನ್ಯ ಮಾಡಿದ ಮೂರು ಡೀಮ್ಡ್ ವಿಶ್ವವಿದ್ಯಾಲಯಗಳಿವೆ: ಮಣಿಪಾಲ, ನಿಟ್ಟೆ, ಯೆನೆಪೋಯ. ಒಂದರ ಹಿಂದೆ ಬ್ಯಾಂಕು, ಇನ್ನೊಂದರ ಹಿಂದೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ, ಮತ್ತೊಂದರ ಹಿಂದೆ ಮರದ ವ್ಯಾಪಾರ. ಬಂಟ್ವಾಳ ತಾಲೂಕಿನ ತುಂಬೆಯಿಂದ ಕೊಲ್ಲಿಗೆ ಹೋದ ಉದ್ಯಮಿಯೊಬ್ಬರು ಅಲ್ಲಿ ಕಟ್ಟಿದ ವೈದ್ಯಕೀಯ ವಿಶ್ವವಿದ್ಯಾಲಯವನ್ನೂ ಸೇರಿಸಿಕೊಂಡರೆ ನಾಲ್ಕಾಗುತ್ತದೆ. ಇಷ್ಟು ಚಿಕ್ಕ ಸೀಮೆಯಲ್ಲಿ ಲೆಕ್ಕದ ಪುಸ್ತಕ ಹಿಡಿದವರು ಇಷ್ಟು ಮಂದಿ ವಿಶ್ವವಿದ್ಯಾಲಯಗಳ ಚುಕ್ಕಾಣಿ ಹಿಡಿದ ಉದಾಹರಣೆ ದೇಶದಲ್ಲಿ ಬೇರೆ ಕಡೆ ಸುಲಭವಾಗಿ ಸಿಗದು.

ಉದ್ಯಮಿ ವಿಶ್ವವಿದ್ಯಾಲಯ ಕಟ್ಟುವುದು ಹೊಸದೇನಲ್ಲ. ಅಮೆರಿಕದಲ್ಲಿ ತಂತಿ ವ್ಯವಹಾರದ ಎಜ್ರಾ ಕಾರ್ನೆಲ್ 1865ರಲ್ಲಿ, ರೈಲುದಾರಿಯ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ 1885ರಲ್ಲಿ ತಮ್ಮ ಹೆಸರಿನ ಸಂಸ್ಥೆಗಳಿಗೆ ಅಡಿಪಾಯ ಹಾಕಿದರು. ಜಮಶೇಟಜಿ ಟಾಟಾ ಅವರ ದಾನದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ರೂಪುಗೊಂಡಿತು. ಚಿದಂಬರದಲ್ಲಿ ಲೇವಾದೇವಿ ಮನೆತನದ ಅಣ್ಣಾಮಲೈ ಚೆಟ್ಟಿಯಾರ್ 1929ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ತೆರೆದರು. ಇವರಲ್ಲಿ ಹೆಚ್ಚಿನವರ ಬಳಿ ಮೊದಲೇ ಸಂಪತ್ತಿತ್ತು, ದಾನ ಆಮೇಲೆ ಬಂತು. ಕರಾವಳಿಯ ಕಥೆ ಹಾಗಲ್ಲ. ಇಲ್ಲಿ ದೊಡ್ಡ ಸಂಪತ್ತಿಲ್ಲದವರು ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸುವ ವಿದ್ಯೆ ಕಲಿತು, ಅದೇ ವಿದ್ಯೆಯಿಂದ ಕಾಲೇಜು ಕಟ್ಟಿದರು.

ಮೊದಲ ಹೆಜ್ಜೆ ಇಟ್ಟವರು ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ. ಅಮ್ಮೆಂಬಳ ಬಂಟ್ವಾಳ ತಾಲೂಕಿನ ಊರು. ಅವರು 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ತೆರೆದರು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು. ಆಮೇಲೆ, 1906ರಲ್ಲಿ, ಇಂದಿನ ಕೆನರಾ ಬ್ಯಾಂಕಿನ ಮೂಲರೂಪವಾದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟುಹಾಕಿದರು. ಮೊದಲು ಶಾಲೆ, ನಂತರ ಬ್ಯಾಂಕು. ಮುಂದಿನ ತಲೆಮಾರಿನಲ್ಲಿ ಉಡುಪಿಯಲ್ಲಿ ಈ ಕ್ರಮ ತಿರುವುಮುರುವಾಯಿತು.

ಟಿ.ಎಂ.ಎ. ಪೈ, ಅಂದರೆ ತೋನ್ಸೆ ಮಾಧವ ಅನಂತ ಪೈ, 1898ರಲ್ಲಿ ಕಲ್ಯಾಣಪುರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, ಉಡುಪಿಗೆ ಮರಳಿ ವೃತ್ತಿ ಆರಂಭಿಸಿದವರು. ಕೈಮಗ್ಗದ ನೇಕಾರರು ನೆಲಕಚ್ಚಿದ್ದ ಆ ದಿನಗಳಲ್ಲಿ, ರೋಗಿಯ ಮೈಗೆ ಮದ್ದು ಕೊಟ್ಟರಷ್ಟೇ ಸಾಲದು, ಅವನ ಕೈಗೆ ನಾಲ್ಕು ಕಾಸು ಬರಬೇಕು ಎಂಬುದು ಅವರಿಗೆ ಕಣ್ಣೆದುರೇ ಕಾಣುತ್ತಿತ್ತು. 1925ರಲ್ಲಿ ಅಣ್ಣ, ವ್ಯಾಪಾರಿ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರ ಜೊತೆ ಸೇರಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇದೇ.

ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಅದರ ನಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮಣಿಪಾಲದ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಬ್ಯಾಂಕಿಗೆ ಹೋಗಲು ಪುರುಸೊತ್ತಿಲ್ಲದ, ಹೋಗಲು ಹಿಂಜರಿಯುವ ಬೀದಿ ವ್ಯಾಪಾರಿ, ಹೋಟೆಲು ಮಾಣಿ, ಮೀನು ಮಾರುವ ಹೆಂಗಸು, ಇವರ ಬಳಿಗೆ ಬ್ಯಾಂಕಿನ ಏಜೆಂಟನೇ ದಿನವೂ ಬರುತ್ತಿದ್ದ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ದುಡ್ಡು ಪಡೆದು ಅಲ್ಲೇ ಬರೆದುಕೊಡುತ್ತಿದ್ದ. ಆತ ಅದೇ ಬೀದಿಯವನು, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ಅವನಿಗೆ ಗೊತ್ತು. ಠೇವಣಿ ಜೊತೆಗೆ ಬ್ಯಾಂಕಿಗೆ ಬರುತ್ತಿದ್ದದ್ದು ಈ ತಿಳಿವಳಿಕೆ. ಜನರಿಗೆ ಯಾವುದರ ಕೊರತೆ ಇದೆ, ಯಾವುದಕ್ಕೆ ಅವರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸುತ್ತಾರೆ ಎಂಬ ಪ್ರಶ್ನೆಗೆ ದಿನದಿನವೂ ಉತ್ತರ ಸಿಗುತ್ತಿತ್ತು. ಮಕ್ಕಳ ಓದು ಆ ಉತ್ತರಗಳಲ್ಲೊಂದು.

1942ರಲ್ಲಿ ಡಾ. ಪೈ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. ಕೈಕೆಲಸ ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡುವುದು ಅದರ ಮೊದಲ ಗುರಿ. 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು ಬಂತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ಮೆಡಿಕಲ್ ಕಾಲೇಜು ತೆರೆದದ್ದು ಆ ಕಾಲಕ್ಕೆ ಸಾಹಸ. ದಕ್ಷಿಣ ಕನ್ನಡ ಆಗಿನ್ನೂ ಮದರಾಸು ರಾಜ್ಯದ ಒಂದು ಜಿಲ್ಲೆ. ಇಲ್ಲಿ ಮೆಡಿಕಲ್ ಕಾಲೇಜಿರಲಿಲ್ಲ. ಓದಬೇಕಾದವರು ಮದರಾಸಿಗೋ ಬೇರೆ ದೂರದ ಊರಿಗೋ ಹೋಗಬೇಕು, ಅಲ್ಲಿನ ಸೀಟುಗಳು ಬೆರಳೆಣಿಕೆಯವು. ವೈದ್ಯಕೀಯ ಶಿಕ್ಷಣವೆಂದರೆ ಸರ್ಕಾರದ ಕೆಲಸ ಎಂದು ಹೆಚ್ಚಿನವರು ನಂಬಿದ್ದಾಗ, ಗಿಡಗಂಟಿ ಬೆಳೆದ ಗುಡ್ಡದ ಮೇಲೆ ಖಾಸಗಿ ಕಾಲೇಜು ಎದ್ದಿತು.

ದೊಡ್ಡ ಆಸ್ಪತ್ರೆಯಿಲ್ಲದೆ ಮೆಡಿಕಲ್ ಕಾಲೇಜು ನಡೆಸುವುದು ಹೇಗೆ? ಇಲ್ಲಿ ಡಾ. ಪೈಯವರ ವ್ಯವಹಾರಬುದ್ಧಿ ಎದ್ದು ಕಾಣುತ್ತದೆ. ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳಾದ ವೆನ್ಲಾಕ್ ಮತ್ತು ಲೇಡಿ ಗೋಷನ್‌ಗಳಲ್ಲಿ ವಿದ್ಯಾರ್ಥಿಗಳು ರೋಗಿಗಳ ನಡುವೆ ಕಲಿಯುವಂತೆ ಒಪ್ಪಂದವಾಯಿತು. ಸರ್ಕಾರಕ್ಕೆ ಬೇಕಿದ್ದದ್ದು ನುರಿತ ವೈದ್ಯರು, ಕಾಲೇಜಿಗೆ ಬೇಕಿದ್ದದ್ದು ಕಲಿಕೆಗೆ ಹಾಸಿಗೆಗಳು. ಎರಡೂ ಒಂದೇ ಕಡೆ ಕೂಡಿಬಂದವು. ಮಣಿಪಾಲದ್ದೇ ಆದ ಕಸ್ತೂರ್ಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ. ಖಾಸಗಿ-ಸರ್ಕಾರಿ ಸಹಭಾಗಿತ್ವ ಎಂಬ ಮಾತು ಆಡಳಿತದ ಕಡತಗಳಿಗೆ ಬರುವುದಕ್ಕೆ ದಶಕಗಳ ಮೊದಲೇ ಅದು ಇಲ್ಲಿ ನಡೆದುಹೋಗಿತ್ತು.

ಕಟ್ಟಡಕ್ಕೂ ಅಧ್ಯಾಪಕರ ಸಂಬಳಕ್ಕೂ ಹಣ ಬಂದದ್ದು ಮುಖ್ಯವಾಗಿ ವಿದ್ಯಾರ್ಥಿಗಳ ತಂದೆತಾಯಿಯರಿಂದ. ಸೇರುವಾಗ ಕೊಡುವ ಆ ದೊಡ್ಡ ಮೊತ್ತಕ್ಕೆ ಮುಂದೆ ಕ್ಯಾಪಿಟೇಷನ್ ಎಂಬ ಹೆಸರು ನಿಂತಿತು, ಜನರ ಬಾಯಲ್ಲಿ ಡೊನೇಷನ್. ಪಿಗ್ಮಿಯಲ್ಲಿ ನೂರಾರು ಮಂದಿಯ ಚಿಲ್ಲರೆ ಕೂಡಿ ಬಂಡವಾಳವಾದರೆ, ಇಲ್ಲಿ ಕೆಲವರ ದೊಡ್ಡ ಮೊತ್ತ ಕೂಡಿ ಕಾಲೇಜಾಯಿತು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಎರಡಾಣೆ ಕೊಡುವ ಮೀನುಗಾರ್ತಿ ಬ್ಯಾಂಕಿನ ಒಳಗೆ ಬರಬಹುದಿತ್ತು. ಅವಳ ಮಗ ಡೊನೇಷನ್ ಕೊಟ್ಟು ಮೆಡಿಕಲ್ ಕಾಲೇಜಿನ ಒಳಗೆ ಬರುವಂತಿರಲಿಲ್ಲ. ಕರಾವಳಿಯ ಉದ್ಯಮಿ-ಶಿಕ್ಷಣ ಮಾದರಿಯ ಸಾಧನೆಯನ್ನು ಹೇಳುವವರು ಈ ಬಿರುಕನ್ನೂ ಹೇಳಬೇಕು.

ಡಾ. ಪೈ 1972ರಲ್ಲಿ ಪದ್ಮಶ್ರೀ ಪಡೆದು, 1979ರ ಮೇ 29ರಂದು ತೀರಿಕೊಂಡರು. ಆ ಹೊತ್ತಿಗೆ ಬ್ಯಾಂಕು ಅವರ ಕುಟುಂಬದ ಕೈಯಲ್ಲಿರಲಿಲ್ಲ. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಬ್ಯಾಂಕು ಸರ್ಕಾರದ್ದಾಯಿತು, ಕಾಲೇಜುಗಳು ಉಳಿದವು. ಕುಟುಂಬದ ಗಮನ ಶಿಕ್ಷಣದ ಕಡೆಗೆ ಪೂರ್ತಿ ವಾಲಿದ್ದರಲ್ಲಿ ಈ ರಾಷ್ಟ್ರೀಕರಣದ ಪಾಲು ಸಣ್ಣದಲ್ಲ.

ಡಾ. ಪೈಯವರ ಅಣ್ಣನ ಮಗ ಟಿ.ಎ. ಪೈ ಅವರದ್ದು ಕಾರ್ಯನಿರ್ವಾಹಕನೊಬ್ಬನ ಬದುಕಿನ ಅಚ್ಚುಕಟ್ಟಾದ ಮಾದರಿ. ಸಿಂಡಿಕೇಟ್ ಬ್ಯಾಂಕನ್ನು ಹಳ್ಳಿಹಳ್ಳಿಗೆ ಒಯ್ದವರು, 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರು, ನಂತರ ಜೀವ ವಿಮಾ ನಿಗಮದ ಅಧ್ಯಕ್ಷರು, ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮತ್ತು ಬೃಹತ್ ಕೈಗಾರಿಕೆ ಖಾತೆಗಳ ಸಚಿವರು. ಮ್ಯಾನೇಜರರನ್ನು ತಯಾರಿಸುವ ಶಾಲೆಯೊಂದು ಬೇಕೆಂದು ಅವರು 1980ರಲ್ಲಿ ಮಣಿಪಾಲದಲ್ಲಿ ಆರಂಭಿಸಿದ ಸಂಸ್ಥೆ ಇಂದು ಟ್ಯಾಪ್ಮಿ ಎಂದೇ ಹೆಸರಾಗಿದೆ. ಮರುವರ್ಷವೇ ಅವರು ನಿಧನರಾದರು.

ಟಿ.ಎಂ.ಎ. ಪೈ ಅವರ ಮಗ ರಾಮದಾಸ್ ಪೈ ಸ್ವತಃ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ತಂದೆ ನೆಲೆಗೊಳಿಸಿದ್ದನ್ನು ಮಗ ಹರಡಿದರು. 1993ರಲ್ಲಿ ಮಣಿಪಾಲಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ನೇಪಾಳದ ಪೋಖರಾದಲ್ಲಿ 1994ರಲ್ಲಿ, ಮಲೇಷ್ಯಾದ ಮಲಾಕಾದಲ್ಲಿ 1997ರಲ್ಲಿ ಮೆಡಿಕಲ್ ಕಾಲೇಜುಗಳು. ಸಿಕ್ಕಿಂ ಸರ್ಕಾರದ ಜೊತೆ 1995ರಲ್ಲಿ ಸಿಕ್ಕಿಂ ಮಣಿಪಾಲ ವಿಶ್ವವಿದ್ಯಾಲಯ. ಹೊಸ ಊರಿಗೆ ಹೋಗಿ ಶಾಖೆ ತೆರೆಯುವ ಬ್ಯಾಂಕಿನ ಅಭ್ಯಾಸವೇ ಇಲ್ಲಿ ಕಾಲೇಜಿಗೂ ಬಂದಿತ್ತು. 2011ರಲ್ಲಿ ರಾಮದಾಸ್ ಪೈಗೆ ಪದ್ಮಭೂಷಣ ಬಂತು. 2018ರಲ್ಲಿ ಕೇಂದ್ರ ಸರ್ಕಾರ ಉತ್ಕೃಷ್ಟ ಸಂಸ್ಥೆಗಳ ಮೊದಲ ಪಟ್ಟಿಯಲ್ಲಿ ಆರಿಸಿದ ಮೂರು ಖಾಸಗಿ ಸಂಸ್ಥೆಗಳಲ್ಲಿ ಮಣಿಪಾಲವೂ ಇತ್ತು.

ಇಲ್ಲಿ ಹುದ್ದೆಗಳ ಕುರಿತು ಒಂದು ವಿವರಣೆ ಬೇಕು. ವಿಶ್ವವಿದ್ಯಾಲಯದ ತಲೆಯಲ್ಲಿ ಕುಲಾಧಿಪತಿ, ಅವರ ಕೆಳಗೆ ದಿನನಿತ್ಯದ ಶೈಕ್ಷಣಿಕ ಆಡಳಿತ ನಡೆಸುವ ಕುಲಪತಿ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳಲ್ಲಿ ರೂಢಿಯಂತೆ ರಾಜ್ಯಪಾಲರೇ ಕುಲಾಧಿಪತಿ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆ ಪೀಠ ಸಾಮಾನ್ಯವಾಗಿ ಸ್ಥಾಪಕ ಟ್ರಸ್ಟಿನವರದ್ದು. ಉದ್ಯಮಿ ಬಂದು ಕೂರುವುದು ಹೆಚ್ಚಾಗಿ ಈ ಮೇಲಿನ ಪೀಠದಲ್ಲಿ. ಕೆಳಗಿನ ಪೀಠದಲ್ಲಿ ಯಾರನ್ನು ಕೂರಿಸುತ್ತಾರೆ, ಅವರಿಗೆ ಎಷ್ಟು ಬಿಟ್ಟುಕೊಡುತ್ತಾರೆ ಎಂಬುದರಲ್ಲಿ ಆ ಉದ್ಯಮಿಯ ನಿಜವಾದ ಯೋಗ್ಯತೆ ತಿಳಿಯುತ್ತದೆ.

ಮಣಿಪಾಲ ತನ್ನ ಮೊದಲ ಕುಲಪತಿಯಾಗಿ ಕರೆತಂದದ್ದು ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯಥಾನ್ ಅವರನ್ನು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ದೇಶೀ ಹೃದಯ ಕವಾಟ ರೂಪಿಸಿದ ತಂಡದ ನಾಯಕ ಅವರು. ಅವರ ನಂತರ ಬಂದ ಬಿ.ಎಂ. ಹೆಗ್ಡೆಯವರೂ ಹೃದ್ರೋಗ ತಜ್ಞರು, ಅಧ್ಯಾಪಕರು, ಆಧುನಿಕ ವೈದ್ಯಕೀಯದ ವ್ಯಾಪಾರೀಕರಣವನ್ನು ವೇದಿಕೆ ವೇದಿಕೆಗಳಲ್ಲಿ ಟೀಕಿಸಿದವರು. ಅಂಥ ಮನುಷ್ಯನನ್ನು ಬ್ಯಾಂಕು ಕಟ್ಟಿದ ಕುಟುಂಬವೊಂದು ತನ್ನ ವಿಶ್ವವಿದ್ಯಾಲಯದ ಕುಲಪತಿ ಪೀಠದಲ್ಲಿ ಕೂರಿಸಿತು. ಕರಾವಳಿಯ ಪ್ರಯೋಗ ಗೆದ್ದ ಕಡೆ ಹೀಗೆ ಗೆದ್ದಿದೆ: ಹಣ, ಜಾಗ, ಕಟ್ಟಡ, ಅನುಮತಿ ಉದ್ಯಮಿಯದ್ದು; ಏನು ಕಲಿಸಬೇಕು, ಯಾರು ಕಲಿಸಬೇಕು ಎಂಬುದು ವಿದ್ವಾಂಸರದ್ದು.

ನಿಟ್ಟೆಯ ಕಥೆ ಬೇರೆ ದಾರಿಯದು. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಾಧೀಶರಾಗಿದ್ದರು. 1973ರಲ್ಲಿ ತಮ್ಮನ್ನೂ ಇನ್ನಿಬ್ಬರನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಬಿಸಾಡಿ ಬಂದವರು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ನಿಟ್ಟೆ ಎಜುಕೇಷನ್ ಟ್ರಸ್ಟ್ ಆರಂಭಿಸಿದರು. ಹಳ್ಳಿಯ ಹೈಸ್ಕೂಲಿನಿಂದ ಶುರು. ಅವರ ಮಗ ಎನ್. ವಿನಯ ಹೆಗ್ಡೆ ಆ ಹೊತ್ತಿಗೆ ಕಾರ್ಖಾನೆ ನಡೆಸುತ್ತಿದ್ದವರು. ಲಾರಿ, ಬಸ್ಸುಗಳಿಗೆ ಲೀಫ್ ಸ್ಪ್ರಿಂಗ್ ಮಾಡುವ ಲಮಿನಾ ಸಸ್ಪೆನ್ಷನ್ ಪ್ರಾಡಕ್ಟ್ಸ್ ಅವರ ಉದ್ಯಮ. ನಿಟ್ಟೆಯಲ್ಲೇ ಲಮಿನಾ ಫೌಂಡ್ರಿ ಎಂಬ ಎರಕದ ಕಾರ್ಖಾನೆ ತೆರೆದರು. ಹಳ್ಳಿಯೊಂದಕ್ಕೆ ಒಂದೇ ಕುಟುಂಬದಿಂದ ಕುಲುಮೆಯೂ ಕಾಲೇಜೂ ಬಂದದ್ದು ಅಪರೂಪ.

ಈ ಪೀಳಿಗೆಯ ಬೆನ್ನಿಗಿದ್ದ ಇನ್ನೊಂದು ಕಾರಣ ಭೂಸುಧಾರಣೆ. 1974ರ ತಿದ್ದುಪಡಿಯಿಂದ ಕರಾವಳಿಯಲ್ಲಿ ಗೇಣಿ ಪದ್ಧತಿ ಬುಡಮೇಲಾಯಿತು, ಗೇಣಿದಾರ ಒಕ್ಕಲು ಭೂಮಿಯ ಒಡೆಯನಾದ. ಗುತ್ತಿನ ಮನೆಗಳ ಜಮೀನು ಕೈಬಿಟ್ಟಿತು. ಅಲ್ಲಿನ ಮಕ್ಕಳು ಮುಂಬಯಿಯ ಹೋಟೆಲಿಗೆ, ಬ್ಯಾಂಕಿಗೆ, ಕಾರ್ಖಾನೆಗೆ, ಕೊಲ್ಲಿಗೆ ಹೊರಟರು. ಇತ್ತ ಹೊಸದಾಗಿ ಭೂಮಿ ಪಡೆದ ಒಕ್ಕಲಿನವರಿಗೂ ಮಕ್ಕಳನ್ನು ಓದಿಸಬೇಕೆಂಬ ಆಸೆ ಹುಟ್ಟಿತು. ಎರಡೂ ಕಡೆಯಿಂದ ಕಾಲೇಜಿಗೆ ಬೇಡಿಕೆ ಏರಿತು. ಕರಾವಳಿಯ ಶಿಕ್ಷಣ ಸಂಸ್ಥೆಗಳ ಬೆಳವಣಿಗೆಗೆ ವ್ಯಕ್ತಿಗಳ ದೂರದೃಷ್ಟಿಯೊಂದೇ ಕಾರಣ ಎನ್ನುವವರು ಈ ಕಾನೂನನ್ನು ಮರೆಯುತ್ತಾರೆ.

ನಿಟ್ಟೆ ಟ್ರಸ್ಟಿನಿಂದ 1985ರಲ್ಲಿ ಮಂಗಳೂರಿನ ಬಳಿಯ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಸ್ಮಾರಕ ದಂತ ವೈದ್ಯಕೀಯ ಕಾಲೇಜು ಆರಂಭವಾಯಿತು. ಹೆಸರು ಹೊತ್ತ ಎ.ಬಿ. ಶೆಟ್ಟರು 1931ರಲ್ಲಿ ವಿಜಯಾ ಬ್ಯಾಂಕ್ ಸ್ಥಾಪಿಸಿದವರು. ಬ್ಯಾಂಕು ಮತ್ತು ಕಾಲೇಜಿನ ನಂಟು ಇಲ್ಲಿಯೂ ತಪ್ಪಲಿಲ್ಲ. ಮರುವರ್ಷ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು, 1999ರಲ್ಲಿ ಕೆ.ಎಸ್. ಹೆಗ್ಡೆಯವರ ಹೆಸರಿನ ಮೆಡಿಕಲ್ ಅಕಾಡೆಮಿ, 2001ರಲ್ಲಿ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಎಂಜಿನಿಯರಿಂಗ್ ಕಾಲೇಜು. 2008ರಲ್ಲಿ ಡೀಮ್ಡ್ ಸ್ಥಾನ ಬಂದಾಗ ವಿನಯ ಹೆಗ್ಡೆ ಕುಲಾಧಿಪತಿಯಾದರು. ಅವರ ಜೊತೆಗೆ ಮೊದಲು ಕುಲಪತಿಯಾಗಿ, ಆಮೇಲೆ ಸಹ ಕುಲಾಧಿಪತಿಯಾಗಿ ನಿಂತವರು ಮೂಳೆ ತಜ್ಞ ಎಂ. ಶಾಂತಾರಾಮ್ ಶೆಟ್ಟಿ. ಮಣಿಪಾಲದ ಹಂಚಿಕೆಯೇ ಇಲ್ಲಿಯೂ ನಡೆಯಿತು. ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು ಅದೇ ವಿಶ್ವವಿದ್ಯಾಲಯದ ಭಾಗವಾದದ್ದು 2022ರಲ್ಲಿ.

ಅದೇ ದೇರಳಕಟ್ಟೆಯಲ್ಲಿ, ಅದೇ 2008ರಲ್ಲಿ, ಯೆನೆಪೋಯವೂ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಯೆನೆಪೋಯ ಮನೆತನದ ಕಸುಬು ಮರದ ವ್ಯಾಪಾರ. 1991ರಲ್ಲಿ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಎಂಬ ಟ್ರಸ್ಟು, 1992ರಲ್ಲಿ ದಂತ ವೈದ್ಯಕೀಯ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಬಂದವು. ಕುಲಾಧಿಪತಿಯಾದವರು ಯೆನೆಪೋಯ ಅಬ್ದುಲ್ಲ ಕುಞಿ. ಮುಸ್ಲಿಂ ವ್ಯಾಪಾರಿ ಮನೆತನವೊಂದು ಈ ಎತ್ತರದ ಸಂಸ್ಥೆ ಕಟ್ಟಿದ್ದು ಬ್ಯಾರಿ ಸಮುದಾಯದ ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ಊರಿನಲ್ಲೇ ಬಾಗಿಲು ತೆರೆಯಿತು. ಮನೆಯಿಂದ ಹೋಗಿ ಬರುವಷ್ಟು ಹತ್ತಿರ ಕಾಲೇಜಿದ್ದಾಗ ಒಪ್ಪುವ ತಂದೆತಾಯಿಯರು ಎಲ್ಲ ಸಮುದಾಯದಲ್ಲೂ ಇದ್ದಾರೆ.

ದೇಶದ ಖಾಸಗಿ ಶಿಕ್ಷಣದ ಕಾನೂನು ರೂಪುಗೊಂಡದ್ದು ಬಹುಮಟ್ಟಿಗೆ ಕರ್ನಾಟಕದ ಮೊಕದ್ದಮೆಗಳಿಂದ. ರಾಜ್ಯ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ನಿಷೇಧ ಕಾಯ್ದೆ ತಂದಿತು. ಆದರೂ 1989ರ ಅಧಿಸೂಚನೆಯಂತೆ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ತುಮಕೂರಿನ ಕಾಲೇಜೊಂದಕ್ಕೆ ಸೇರಲು ಬಂದ ಉತ್ತರ ಪ್ರದೇಶದ ಮೋಹಿನಿ ಜೈನ್ ಕೋರ್ಟಿಗೆ ಹೋದಾಗ, 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಅರ್ಧರ್ಧ ಹಂಚಿಕೆ ತಂದಿತು. ಆ ವ್ಯವಸ್ಥೆಯನ್ನು ಉರುಳಿಸಿದ್ದು ಮಣಿಪಾಲದ ಹೆಸರು ಹೊತ್ತ ಮೊಕದ್ದಮೆ: ಟಿ.ಎಂ.ಎ. ಪೈ ಫೌಂಡೇಷನ್ ವಿರುದ್ಧ ಕರ್ನಾಟಕ ರಾಜ್ಯ. 2002ರ ಅಕ್ಟೋಬರ್ 31ರಂದು 11 ನ್ಯಾಯಾಧೀಶರ ಪೀಠ, ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನ ಒಪ್ಪುವ ಒಂದು ಉದ್ಯೋಗ, ಬೆಳವಣಿಗೆಗೆ ಬೇಕಾದಷ್ಟು ಉಳಿಕೆ ಮಾಡಬಹುದು, ಆದರೆ ಲಾಭಕೋರತನ ಸಲ್ಲದು ಎಂದಿತು. ಆ ತೀರ್ಪಿನ ಅರ್ಥ ಬಿಡಿಸಲು 2003ರಲ್ಲಿ ಮತ್ತೊಂದು ಪೀಠ ಕೂರಬೇಕಾಯಿತು. ಆ ಮೊಕದ್ದಮೆಯ ಹೆಸರು ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್, ಅಂದರೆ ಯೆನೆಪೋಯದ ಟ್ರಸ್ಟು. ಶುಲ್ಕ ಮತ್ತು ಪ್ರವೇಶದ ಮೇಲೆ ನಿವೃತ್ತ ನ್ಯಾಯಾಧೀಶರ ಸಮಿತಿಗಳು ಬಂದದ್ದು ಅದರಿಂದ. ಭಾರತದ ಯಾವ ಕಾನೂನು ಕಾಲೇಜಿಗೆ ಹೋದರೂ ವಿದ್ಯಾರ್ಥಿಗಳು ಕರಾವಳಿಯ ಈ ಎರಡು ಹೆಸರುಗಳನ್ನು ಓದದೆ ಶಿಕ್ಷಣದ ಹಕ್ಕಿನ ಪಾಠ ಮುಗಿಯುವುದಿಲ್ಲ.

ಡೀಮ್ಡ್ ಸ್ಥಾನವೂ ಪ್ರಶ್ನೆಗಳನ್ನು ತಂದಿತು. 2009ರಲ್ಲಿ ಪಿ.ಎನ್. ಟಂಡನ್ ಸಮಿತಿ ದೇಶದ 44 ಡೀಮ್ಡ್ ವಿಶ್ವವಿದ್ಯಾಲಯಗಳು ಆ ಸ್ಥಾನಕ್ಕೆ ತಕ್ಕವಲ್ಲ ಎಂದು ವರದಿ ಕೊಟ್ಟಿತು. ವಿದ್ವಾಂಸರ ಬದಲು ಕುಟುಂಬದವರೇ ಆಡಳಿತ ಹಿಡಿದಿರುವುದನ್ನು ಅದು ನೇರವಾಗಿ ಟೀಕಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2010ರ ನಿಯಮಗಳು ಸ್ಥಾಪಕ ಸಂಸ್ಥೆಯ ಅಧ್ಯಕ್ಷರೂ ಅವರ ಹತ್ತಿರದ ಬಂಧುಗಳೂ ಕುಲಾಧಿಪತಿ ಆಗಕೂಡದು ಎಂದವು. ಮುಂದೆ ಆ ಬಿಗಿ ಸಡಿಲಾಯಿತು. ಕುಟುಂಬದ ಹಿಡಿತ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಣ್ಣಾಮಲೈ ವಿಶ್ವವಿದ್ಯಾಲಯ ಸಾಕ್ಷಿ: ಹಣಕಾಸು ಕೈಮೀರಿ ಸಂಬಳಕ್ಕೂ ಪರದಾಡುವಂತಾಗಿ, 2013ರಲ್ಲಿ ತಮಿಳುನಾಡು ಸರ್ಕಾರ ಕಾನೂನು ಮಾಡಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ತುಂಬೆಯ ಕಥೆಯಲ್ಲಿ ಈ ಕಾನೂನಿನ ಗೊಡವೆ ಇಲ್ಲ. ನೇತ್ರಾವತಿಯ ದಂಡೆಯ ತುಂಬೆಯಿಂದ ಬಂದ, ಮರದ ವ್ಯಾಪಾರದ ಮನೆತನದ ತುಂಬೆ ಮೊಯ್ದಿನ್ 1997ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ತುಂಬೆ ಗ್ರೂಪ್ ಆರಂಭಿಸಿ, 1998ರಲ್ಲಿ ಅಜ್ಮಾನ್‌ನಲ್ಲಿ ಮೆಡಿಕಲ್ ಕಾಲೇಜು ತೆರೆದರು. ಅದೇ ಮುಂದೆ ಗಲ್ಫ್ ಮೆಡಿಕಲ್ ಯೂನಿವರ್ಸಿಟಿ ಆಯಿತು. ಕೊಲ್ಲಿಯಲ್ಲಿ ದುಡಿಯುವ ಹೊರದೇಶದವರ ಮಕ್ಕಳಿಗೆ ವೈದ್ಯಕೀಯ ಓದಲು ಅಲ್ಲಿ ಅವಕಾಶ ಕಡಿಮೆಯಿತ್ತು, ಡಾ. ಪೈ 1953ರಲ್ಲಿ ದಕ್ಷಿಣ ಕನ್ನಡದಲ್ಲಿ ಕಂಡ ಕೊರತೆಯನ್ನು ಮೊಯ್ದಿನ್ ಮರುಭೂಮಿಯಲ್ಲಿ ಕಂಡರು.

ಲಾಯಿಲದ ನೆರೆಯ ಉಜಿರೆಯಲ್ಲಿ ಹಣ ಮತ್ತು ವಿದ್ಯೆ ಕೂಡಿದ ಬಗೆಯೇ ಬೇರೆ. ಇಲ್ಲಿ ಹಿಂದಿರುವುದು ಉದ್ಯಮಿಯಲ್ಲ, ಧರ್ಮಸ್ಥಳದ ಕ್ಷೇತ್ರ. 1966ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ (ಎಸ್‌ಡಿಎಂ) ಕಾಲೇಜು ಆರಂಭವಾಯಿತು. 1968ರಲ್ಲಿ ಇಪ್ಪತ್ತರ ಹರೆಯದಲ್ಲಿ ಧರ್ಮಾಧಿಕಾರಿಯಾದ ಡಿ. ವೀರೇಂದ್ರ ಹೆಗ್ಗಡೆ ಸಂಸ್ಥೆಗಳನ್ನು ಧಾರವಾಡ, ಮೈಸೂರು, ಹಾಸನಗಳಿಗೆ ವಿಸ್ತರಿಸಿದರು. 2018ರಲ್ಲಿ ಧಾರವಾಡದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯ ಕಾಯ್ದೆಯ ಮೂಲಕ ಸ್ಥಾಪನೆಯಾಗಿ ಅವರು ಕುಲಾಧಿಪತಿಯಾದರು. ಆದರೆ ಬೆಳ್ತಂಗಡಿ ಸೀಮೆ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆ ಪದವಿ ಕೊಡುವ ಸಂಸ್ಥೆಯಲ್ಲ. 1982ರಲ್ಲಿ ಕ್ಷೇತ್ರ, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ತೆರೆದವು. ಹಳ್ಳಿಯ ನಿರುದ್ಯೋಗಿಗಳನ್ನು ಕೆಲವೇ ವಾರ ಅಲ್ಲೇ ಉಳಿಸಿಕೊಂಡು, ಊಟ ವಸತಿ ಕೊಟ್ಟು, ಪುಕ್ಕಟೆಯಾಗಿ ಕಸುಬು ಕಲಿಸಿ, ಬ್ಯಾಂಕು ಸಾಲದ ದಾರಿ ತೋರಿಸಿ ಕಳಿಸುವ ಸಂಸ್ಥೆ. ಹೊಲಿಗೆ, ಮೋಟಾರು ರಿಪೇರಿ, ಹೈನುಗಾರಿಕೆ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ಇಂಥ ತರಬೇತಿ ಕೇಂದ್ರ ತೆರೆಯುವ ಕಾರ್ಯಕ್ರಮ ಹಾಕಿತು. 1942ರಲ್ಲಿ ಡಾ. ಪೈ ಕಂಡ ಕೈಕೆಲಸದ ಕನಸು ನಿಜವಾಗಿ ಕೈಗೂಡಿದ್ದು ಮಣಿಪಾಲದ ಗುಡ್ಡದಲ್ಲಿ ಅಲ್ಲ, ಉಜಿರೆಯಲ್ಲಿ ಎಂದರೂ ತಪ್ಪಾಗದು.

ಕಂಪನಿಯ ಅಧಿಕಾರಿ ನೇರವಾಗಿ ಕುಲಪತಿಯೇ ಆದ ಉದಾಹರಣೆಗೆ ಬೆಂಗಳೂರಿಗೆ ಹೋಗಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರಲ್ಲಿ ಕರ್ನಾಟಕದ ಕಾಯ್ದೆಯಡಿ ಸ್ಥಾಪನೆಯಾದಾಗ ಮೊದಲ ಕುಲಪತಿಯಾದವರು ವಿಪ್ರೋದಲ್ಲಿ ಹಿರಿಯ ಹುದ್ದೆಯಲ್ಲಿದ್ದ ಅನುರಾಗ್ ಬೆಹರ್. ಅಲ್ಲಿ ಇದು ನಡೆಯಲು ಕಾರಣ ಹಣದ ಮೂಲ ಬೇರೆಯಾಗಿದ್ದದ್ದು. ಪ್ರೇಮ್‌ಜಿ 2019ರ ಹೊತ್ತಿಗೆ ತಮ್ಮ ಫೌಂಡೇಷನ್ನಿಗೆ ಬಿಟ್ಟುಕೊಟ್ಟ ಸಂಪತ್ತಿನ ಒಟ್ಟು ಮೌಲ್ಯ ಸುಮಾರು 1,45,000 ಕೋಟಿ ರೂಪಾಯಿ. ವಿದ್ಯಾರ್ಥಿಯ ಶುಲ್ಕದ ಮೇಲೆ ನಿಲ್ಲದ ವಿಶ್ವವಿದ್ಯಾಲಯ ಶಿಕ್ಷಣಶಾಸ್ತ್ರ, ಅಭಿವೃದ್ಧಿ ಅಧ್ಯಯನದಂಥ, ದೊಡ್ಡ ಡೊನೇಷನ್ ತಾರದ ವಿಷಯಗಳನ್ನು ಕೈಗೆತ್ತಿಕೊಳ್ಳಬಹುದು. ಕರಾವಳಿಯ ಮೂರೂ ವಿಶ್ವವಿದ್ಯಾಲಯಗಳು ವೈದ್ಯಕೀಯ, ದಂತ ವೈದ್ಯಕೀಯ, ಎಂಜಿನಿಯರಿಂಗ್‌ನಲ್ಲಿ ಬಲವಾಗಿ, ಚರಿತ್ರೆ, ಭಾಷೆ, ತತ್ತ್ವಶಾಸ್ತ್ರಗಳಲ್ಲಿ ತೆಳುವಾಗಿ ಬೆಳೆದದ್ದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ: ಪೋಷಕರು ಯಾವುದಕ್ಕೆ ದುಡ್ಡು ಕೊಡುತ್ತಾರೋ ಅದು ಬೆಳೆಯಿತು.

ಕಂಪನಿಯಿಂದ ಬಂದವರನ್ನು ವಿಶ್ವವಿದ್ಯಾಲಯದ ತಲೆಯಲ್ಲಿ ಕೂರಿಸುವ ಪ್ರಯೋಗದ ಫಲ ಅಮೆರಿಕದಲ್ಲಿ ಬಗೆಬಗೆಯದು. ಎಲಿ ಲಿಲ್ಲಿ ಔಷಧ ಕಂಪನಿಯ ಹಿರಿಯ ಅಧಿಕಾರಿಯಾಗಿದ್ದು ನಂತರ ಇಂಡಿಯಾನಾದ ಗವರ್ನರ್ ಆದ ಮಿಚ್ ಡೇನಿಯಲ್ಸ್ 2013ರಿಂದ 2022ರವರೆಗೆ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದಷ್ಟು ಕಾಲವೂ ರಾಜ್ಯದ ವಿದ್ಯಾರ್ಥಿಗಳ ಶುಲ್ಕವನ್ನು 9,992 ಡಾಲರಿನಲ್ಲೇ ಹಿಡಿದಿಟ್ಟರು. ಸಾಫ್ಟ್‌ವೇರ್ ಕಂಪನಿಯಿಂದ ಮಿಸೌರಿ ವಿಶ್ವವಿದ್ಯಾಲಯ ವ್ಯವಸ್ಥೆಗೆ ಬಂದ ಟಿಮ್ ವೂಲ್ಫ್, ಕ್ಯಾಂಪಸ್ಸಿನ ಜನಾಂಗೀಯ ತಾರತಮ್ಯದ ದೂರುಗಳಿಗೆ ಸ್ಪಂದಿಸಲಿಲ್ಲವೆಂಬ ಪ್ರತಿಭಟನೆಯ ನಡುವೆ 2015ರ ನವೆಂಬರಿನಲ್ಲಿ ಕೆಳಗಿಳಿದರು. ಅದೇ ವರ್ಷ ಐಬಿಎಂನಲ್ಲಿದ್ದ ಬ್ರೂಸ್ ಹ್ಯಾರಲ್ಡ್ ಅವರನ್ನು ಅಯೋವಾ ವಿಶ್ವವಿದ್ಯಾಲಯಕ್ಕೆ ಆರಿಸಿದಾಗ, ಅಲ್ಲಿನ ಅಧ್ಯಾಪಕರು ಆರಿಸಿದ ಮಂಡಳಿಯ ಮೇಲೆ ಅವಿಶ್ವಾಸ ಸೂಚಿಸಿದರು. ಕಂಪನಿಯಲ್ಲಿ ಮೇಲಿನವರ ಆದೇಶ ಕೆಳಗೆ ನಡೆಯುತ್ತದೆ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನನ್ನು ಒಪ್ಪಿಸಬೇಕಾಗುತ್ತದೆ.

ಈ ಚರ್ಚೆ ಈಗ ಭಾರತದ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಬಂದಿದೆ. 2018ರ ಯುಜಿಸಿ ನಿಯಮಗಳಂತೆ ಕುಲಪತಿಯಾಗುವವರಿಗೆ ಪ್ರಾಧ್ಯಾಪಕರಾಗಿ ಅಥವಾ ಹೆಸರಾಂತ ಸಂಶೋಧನಾ, ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ 10 ವರ್ಷಗಳ ಅನುಭವವಿರಬೇಕು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು, ಉದ್ಯಮ, ಸಾರ್ವಜನಿಕ ಆಡಳಿತ, ಸಾರ್ವಜನಿಕ ವಲಯದ ಸಂಸ್ಥೆಗಳಲ್ಲಿ 10 ವರ್ಷ ಹಿರಿಯ ಹುದ್ದೆಯಲ್ಲಿದ್ದವರಿಗೂ ಆ ಬಾಗಿಲು ತೆರೆಯಲು ಹೊರಟಿತು. ಕರಾವಳಿಯ ಅನುಭವದ ಮುಂದಿಟ್ಟು ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ. ಇಲ್ಲಿ ಉದ್ಯಮಿ ಬಂದದ್ದು ಮೇಲಿನ ಪೀಠಕ್ಕೆ, ತಾನೇ ಕಟ್ಟಿದ ಸಂಸ್ಥೆಗೆ, ತನ್ನ ಕುಟುಂಬದ ಹೆಸರನ್ನು ಪಣಕ್ಕಿಟ್ಟು. ಕರಡು ಹೇಳುವ ಅಧಿಕಾರಿ ಬರುವುದು ಪಾಠ ಮತ್ತು ಸಂಶೋಧನೆ ನಡೆಸುವ ಕೆಳಗಿನ ಪೀಠಕ್ಕೆ, ಬೇರೆಯವರು ಕಟ್ಟಿದ ಸಂಸ್ಥೆಗೆ, ಕೆಲವು ವರ್ಷಗಳ ಅವಧಿಗೆ.

ಕರ್ನಾಟಕ ಸರ್ಕಾರ ಈ ಕರಡನ್ನು ವಿರೋಧಿಸಿ 2025ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರ ಸಭೆ ಕರೆಯಿತು. ಅಲ್ಲಿನ ದೊಡ್ಡ ತಕರಾರು ಶೋಧನಾ ಸಮಿತಿಯದ್ದು: ಕುಲಪತಿಯನ್ನು ಆರಿಸುವ ಮೂವರಲ್ಲಿ ಕುಲಾಧಿಪತಿಯ ಪ್ರತಿನಿಧಿಯೊಬ್ಬರು, ಯುಜಿಸಿ ಅಧ್ಯಕ್ಷರ ಪ್ರತಿನಿಧಿಯೊಬ್ಬರು, ವಿಶ್ವವಿದ್ಯಾಲಯದ ಪ್ರತಿನಿಧಿಯೊಬ್ಬರು, ಸಂಬಳ ಕೊಡುವ ರಾಜ್ಯಕ್ಕೆ ಅಲ್ಲಿ ಕುರ್ಚಿಯಿಲ್ಲ. ದೇರಳಕಟ್ಟೆಯ ಎರಡು ಖಾಸಗಿ ಕ್ಯಾಂಪಸ್ಸುಗಳನ್ನು ದಾಟಿ ಕೊಣಾಜೆಗೆ ಹೋದರೆ ಸಿಗುವ, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದಂಥ ಸರ್ಕಾರಿ ಸಂಸ್ಥೆಗಳಿಗೆ ಮುಂದಿನ ಕುಲಪತಿ ಎಲ್ಲಿಂದ ಬರಬಹುದು ಎಂಬುದನ್ನು ತೀರ್ಮಾನಿಸಲು ಹೊರಟ ಕರಡು ಇದು.